ಅಂಗಡಿಯ ತೆರಿಗೆ, ಊರಿನ ಬೊಕ್ಕಸ

ತಳೇಗಾಂವ ದಾಭಾಡೆಯ ಅಂಗಡಿಯೊಂದರಲ್ಲಿ ಅರಿವೆಯನ್ನೋ ಪಾತ್ರೆಯನ್ನೋ ಕೊಂಡು, ರಸೀದಿಯ ಕೊನೆಯಲ್ಲಿ ಅಚ್ಚಾದ ತೆರಿಗೆಯ ಅಂಕೆಯ ಮೇಲೆ ಕಣ್ಣಾಡಿಸಿ, "ಊರಿಗೆ ದಿನವೂ ಇಷ್ಟು ಹಣ ಸಲ್ಲುತ್ತಿರುವಾಗ ನಗರಪರಿಷತ್ತಿಗೆ ಕೊರತೆಯಾದರೂ ಏನು?" ಎಂದು ಕೇಳುವವರು ಇಲ್ಲಿನ ಮರಾಠಿ ನೆರೆಹೊರೆಯಲ್ಲಿ ಎಷ್ಟೋ, ಉದ್ಯೋಗನಿಮಿತ್ತ ಬಂದು ನೆಲಸಿದ ನಮ್ಮ ಕನ್ನಡದ ಮನೆಗಳಲ್ಲಿಯೂ ಅಷ್ಟೇ. ಪ್ರಶ್ನೆ ಸಹಜವಾದುದು, ಆದರೆ ಅದಕ್ಕೆ ಆಧಾರವಾದ ನಂಬಿಕೆ ಸತ್ಯವಲ್ಲ. ನೂರು ರೂಪಾಯಿಯ ಸರಕಿಗೆ ಶೇಕಡಾ 5ರ ಜಿಎಸ್‌ಟಿ ತೆತ್ತಲ್ಲಿ, ಅದರೊಳಗೆ ಎರಡೂವರೆ ರೂಪಾಯಿ ಕೇಂದ್ರಕ್ಕೂ ಎರಡೂವರೆ ರೂಪಾಯಿ ರಾಜ್ಯಕ್ಕೂ ಸೇರುವುದೇ ಹೊರತು, ಆ ಅಂಗಡಿಯಿರುವ ಊರಿಗೆ ನೇರವಾಗಿ ಒಂದು ಪೈಸೆಯೂ ಸೇರುವುದಿಲ್ಲ.

ಮಕ್ಕಳು ಅಮೆರಿಕದಲ್ಲಿರುವ ಮನೆಗಳಲ್ಲಿ ಈ ನಂಬಿಕೆಗೆ ಇನ್ನೊಂದು ಕವಲೊಡೆದಿದೆ. ಆ ದೇಶದ ಅನೇಕ ರಾಜ್ಯಗಳಲ್ಲಿ ಸಣ್ಣ ಪಟ್ಟಣವೂ ರಾಜ್ಯದ ಮಾರಾಟ ತೆರಿಗೆಯ ಮೇಲೆ ಶೇಕಡಾ ಅರ್ಧವನ್ನೋ ಒಂದನ್ನೋ ತನ್ನದಾಗಿ ಸೇರಿಸಿ, ರಸ್ತೆಗೋ ಅಗ್ನಿಶಾಮಕ ದಳಕ್ಕೋ ಅದನ್ನು ಮೀಸಲಿಟ್ಟು, ಗೊತ್ತುಪಡಿಸಿದ ಅವಧಿ ತೀರುತ್ತಲೇ ಮುಂದುವರಿಸಬೇಕೆ ಬೇಡವೆ ಎಂಬುದನ್ನು ಊರಿನ ಮತದಾರರಿಗೇ ಬಿಡುವ ಪದ್ಧತಿಯುಂಟು. ಅದನ್ನು ಕೇಳಿ ತಿಳಿದವರು, ನಾವು ನಗರಪರಿಷತ್ತಿನ ಚುನಾವಣೆಯಲ್ಲಿ ಹಾಕುವ ಮತವೂ ಒಂದರ್ಥದಲ್ಲಿ ತೆರಿಗೆಗೆ ಕೊಟ್ಟ ಒಪ್ಪಿಗೆಯೆಂದು ಭಾವಿಸುತ್ತಾರೆ. ನಮ್ಮ ಸಂವಿಧಾನದ ಏರ್ಪಾಡು ಬೇರೆ. ಶಾಸನದ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸಕೂಡದೆಂದು 265ನೆಯ ಅನುಚ್ಛೇದ ಹೇಳುತ್ತದೆ; ಪೌರಸಂಸ್ಥೆಗಳು ಯಾವ ತೆರಿಗೆಯನ್ನು ಎತ್ತಬಹುದೆಂಬುದನ್ನು 243ಎಕ್ಸ್ ಅನುಚ್ಛೇದವು ರಾಜ್ಯದ ವಿಧಾನಮಂಡಲದ ಕೈಗೆ ಒಪ್ಪಿಸಿದೆ. ಆದಕಾರಣ ಸದಸ್ಯರೆಲ್ಲರೂ ಏಕಕಂಠದಿಂದ ನಿರ್ಣಯ ಮಾಡಿದರೂ, ಊರಿನ ಜನರೆಲ್ಲರೂ ಕೈಯೆತ್ತಿ ಒಪ್ಪಿದರೂ, ತಳೇಗಾಂವದ ಅಂಗಡಿಯ ಮಾರಾಟದ ಮೇಲೆ ತಳೇಗಾಂವದ ಪರಿಷತ್ತು ತೆರಿಗೆ ಹಾಕಲಾರದು.

ಹಿಂದೊಮ್ಮೆ ಊರಿಗೆ ತನ್ನದೇ ಆದ ಸರಕಿನ ತೆರಿಗೆ ಇದ್ದುದು ದಿಟ. ಅದೇ ಜಕಾತಿ. ಊರ ಬಾಗಿಲಿನ ನಾಕೆಯಲ್ಲಿ ಗಾಡಿಗಳನ್ನೂ ಲಾರಿಗಳನ್ನೂ ತಡೆದು, ಒಳಗೆ ಬರುವ ಸರಕಿಗೆ ಸುಂಕ ಎತ್ತುತ್ತಿದ್ದ ಆ ಪದ್ಧತಿಯಲ್ಲಿ ಕಾಲಹರಣವೂ ಕಿರುಕುಳವೂ ಎಷ್ಟಿದ್ದಿತೆಂಬುದಕ್ಕೆ, ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ನಮ್ಮ ಗಾದೆಯೇ ಸಾಕ್ಷಿ. ಜಕಾತಿಯನ್ನು ಅಳಿಸಿದ್ದು ಜಿಎಸ್‌ಟಿ ಎಂದು ಈಗಿನ ತರುಣರು ತಿಳಿದಿದ್ದಾರೆ, ಅದು ಅರ್ಧಸತ್ಯ. ಕರ್ನಾಟಕದಲ್ಲಿ ಅದು 1979ರಲ್ಲಿಯೇ ಹೋಯಿತು. ಮಹಾರಾಷ್ಟ್ರದ ನಗರಪರಿಷತ್ತುಗಳಲ್ಲಿ 1999ರಲ್ಲಿ ರದ್ದಾಗಿ, ಅದಕ್ಕೆ ಪ್ರತಿಯಾಗಿ ರಾಜ್ಯ ಸರ್ಕಾರದ ಸಹಾಯಕ ಅನುದಾನ ಬಂದಿತು. ನೆರೆಯ ಪಿಂಪರಿ-ಚಿಂಚವಡ ಮಹಾನಗರಪಾಲಿಕೆಯಲ್ಲಿ ಜಕಾತಿ 2013ರವರೆಗೆ ಬಾಳಿ, ಆಮೇಲೆ ಎಲ್‌ಬಿಟಿ, ಅಂದರೆ ಸ್ಥಳೀಯ ಸಂಸ್ಥೆಯ ತೆರಿಗೆ, ಎಂಬ ರೂಪವನ್ನು ತಾಳಿತು. ಮುಂಬಯಿಯಲ್ಲಿ ಮಾತ್ರ ಅದು 2017ರ ಜುಲೈ 1ರಂದು ಜಿಎಸ್‌ಟಿ ಬರುವ ತನಕ ಉಳಿದಿದ್ದಿತು. ಅದಕ್ಕೆ ಮುನ್ನ, 2016ರ ನೂರೊಂದನೆಯ ತಿದ್ದುಪಡಿಯು ರಾಜ್ಯಪಟ್ಟಿಯಿಂದ 52ನೆಯ ನಮೂದನ್ನೇ ತೆಗೆದುಹಾಕಿದ್ದರಿಂದ, ಈಗ ರಾಜ್ಯವು ಬಯಸಿದರೂ ಆ ಹಳೆಯ ಜಕಾತಿಯನ್ನು ಊರಿಗೆ ಮರಳಿ ಕೊಡಲಾಗದು. ನಾಕೆ ಹೋದದ್ದು ಒಳ್ಳೆಯದೇ ಆಯಿತೆಂದು ನಾನು ನಂಬುತ್ತೇನೆ. ಆದರೆ ನಾಕೆಯೊಡನೆ, ತನ್ನ ಆದಾಯವನ್ನು ತಾನೇ ಗಳಿಸುವ ಊರಿನ ಸ್ವಾತಂತ್ರ್ಯವೂ ಕುಗ್ಗಿತೆಂಬುದು ಅಷ್ಟೇ ನಿಜ.

ಸೋಮಾಟಣೆಯ ಟೋಲ್ ನಾಕೆಯನ್ನು ಕಂಡು ಜಕಾತಿ ಇನ್ನೂ ಉಳಿದಿದೆಯೆಂದು ಭ್ರಮಿಸುವವರುಂಟು. ಅದು ಹೆದ್ದಾರಿಯ ಶುಲ್ಕ. ಊರಿನ ಬೊಕ್ಕಸಕ್ಕೂ ಅದಕ್ಕೂ ಸಂಬಂಧವಿಲ್ಲ.

ಎಲ್ಲಕ್ಕಿಂತ ಆಳವಾಗಿ ಬೇರೂರಿದ ಭ್ರಮೆ ಕಾರ್ಖಾನೆಗಳನ್ನು ಕುರಿತದ್ದು. ಎಂಐಡಿಸಿಯಲ್ಲಿ ಇಷ್ಟು ದೊಡ್ಡ ಕಾರ್ಖಾನೆಗಳಿರುವಾಗ ಊರು ಸಿರಿವಂತವಾಗಿರಲೇಬೇಕೆಂದು ಜನರ ಎಣಿಕೆ. ಆ ಕೈಗಾರಿಕಾ ಪ್ರದೇಶಕ್ಕೆ ತಳೇಗಾಂವದ ಹೆಸರಿದೆಯಾದರೂ, ಅದು ಹರಡಿರುವುದು ನವಲಾಖ ಉಂಬ್ರೆ ಮೊದಲಾದ ಸುತ್ತಲಿನ ಗ್ರಾಮಗಳ ನೆಲದಲ್ಲಿ. ಅದಕ್ಕಿಂತಲೂ ಮುಖ್ಯವಾದ ಸಂಗತಿಯೆಂದರೆ, ಜಿಎಸ್‌ಟಿ ಎಂಬುದು ಸರಕು ತಯಾರಾದ ಸ್ಥಳವನ್ನಲ್ಲ, ಬಳಕೆಯಾಗುವ ಸ್ಥಳವನ್ನು ಹಿಂಬಾಲಿಸುವ ತೆರಿಗೆ. ಇಲ್ಲಿ ತಯಾರಾದ ಮೋಟಾರು ಗಾಡಿ ಹುಬ್ಬಳ್ಳಿಯಲ್ಲಿ ಮಾರಾಟವಾದರೆ ರಾಜ್ಯದ ಪಾಲು ಕರ್ನಾಟಕಕ್ಕೆ ಸಲ್ಲುವುದು. ಗಾಡಿಯನ್ನು ಹೆತ್ತ ನೆಲಕ್ಕಲ್ಲ.

ಹಾಗಾದರೆ ಊರು ಬದುಕುವುದು ಯಾವುದರಿಂದ? ಘರಪಟ್ಟಿ ಎಂಬ ಮನೆ ತೆರಿಗೆ, ಪಾಣಿಪಟ್ಟಿ ಎಂಬ ನೀರಿನ ಕರ, ಮನೆ-ನಿವೇಶನಗಳ ಕ್ರಯಪತ್ರದ ಮುದ್ರಾಂಕ ಶುಲ್ಕದೊಡನೆ ಸ್ಥಳೀಯ ಸಂಸ್ಥೆಗಾಗಿ ಸೇರುವ ಶೇಕಡಾ 1ರ ಅಧಿಭಾರ, ಮತ್ತು ಸರ್ಕಾರದ ಅನುದಾನ: ಮುಖ್ಯವಾಗಿ ಇವಿಷ್ಟೇ. ಅಂಗಡಿಯಲ್ಲಿ ತೆತ್ತ ತೆರಿಗೆಯೇ ಊರನ್ನು ಸಾಕುತ್ತಿದೆಯೆಂದು ನಂಬಿ ಘರಪಟ್ಟಿಯನ್ನು ಬಾಕಿ ಉಳಿಸಿಕೊಳ್ಳುವವನು, ಊರಿನ ಕೈಗೆ ನೇರವಾಗಿ ಸೇರಬೇಕಾದ ಹಣವನ್ನೇ ತಡೆಹಿಡಿದಂತಾಗುತ್ತದೆ.

ಕಿರಿದಾದ ಕಾಣಿಕೆಯ ಬಲವನ್ನು ಈ ಊರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಅಂತಾಜಿ ದಾಮೋದರ ಕಾಳೆಯವರು ದೇಶದ ಉದ್ಯಮಕ್ಕಾಗಿ ಜನರಿಂದ ತಲಾ ಒಂದು ಪೈಸೆಯನ್ನು ಬೇಡಿ ಪೈಸಾ ಫಂಡನ್ನು ಕಟ್ಟಿದರು. ಲೋಕಮಾನ್ಯ ಟಿಳಕರು ಅದಕ್ಕೆ ಬೆಂಬಲವಾಗಿ ನಿಂತರು. ಆ ಪೈಸೆಗಳು ಕೂಡಿಯೇ 1908ರಲ್ಲಿ ತಳೇಗಾಂವದಲ್ಲಿ ಗಾಜಿನ ಕಾರ್ಖಾನೆ ಎದ್ದಿತು. ವಿದೇಶದಲ್ಲಿ ಗಾಜಿನ ವಿದ್ಯೆ ಕಲಿತು ಬಂದ ಈಶ್ವರದಾಸ ವಾರ್ಷ್ಣೇಯರು ಅಲ್ಲಿ ದೇಶದ ತರುಣರಿಗೆ ಆ ಕಸುಬನ್ನು ಕಲಿಸಿದರು. ಹೆಸರನ್ನು ಮಾತ್ರ ಕೇಳಿದವರು ಅದನ್ನೂ ಒಂದು ಕರವೆಂದು ತಿಳಿಯುವುದುಂಟು. ಅದು ಕರವಲ್ಲ, ಯಾವ ಶಾಸನವೂ ಅದನ್ನು ವಿಧಿಸಿರಲಿಲ್ಲ; ಹಣ ಎಲ್ಲಿಗೆ ಹೋಗುತ್ತದೆಂಬುದನ್ನು ಕೊಟ್ಟವರು ಬಲ್ಲವರಾಗಿದ್ದರು, ಆದುದರಿಂದಲೇ ಕೊಟ್ಟರು.

ತೆರಿಗೆಯ ಮೇಲೆ ನಮಗೆ ನೇರ ಮತವಿಲ್ಲವೆಂದ ಮಾತ್ರಕ್ಕೆ ದನಿಯೇ ಇಲ್ಲವೆನ್ನುವುದು ಕೊನೆಯ ತಪ್ಪು ಕಲ್ಪನೆ. ಘರಪಟ್ಟಿಯ ನಿರ್ಧಾರಣಪಟ್ಟಿ ಸಿದ್ಧವಾದಾಗ ಅದನ್ನು ಪ್ರಕಟಿಸಿ, ನಾಗರಿಕರಿಗೆ ನೋಡಲು ತೆರೆದಿಟ್ಟು, ಅವರ ಆಕ್ಷೇಪಗಳನ್ನು ವಿಚಾರಿಸಬೇಕೆಂದು 1965ರ ಮಹಾರಾಷ್ಟ್ರ ನಗರಪರಿಷತ್ತುಗಳ ಅಧಿನಿಯಮವು ವಿಧಿಸುತ್ತದೆ. ಮುಂದಿನ ಸಲ ಅಂಥ ಪ್ರಕಟಣೆ ಕಣ್ಣಿಗೆ ಬಿದ್ದಾಗ, ಓದುಗರು ದಯವಿಟ್ಟು ಪರಿಷತ್ತಿನ ಕಚೇರಿಗೆ ಹೋಗಿ, ತಮ್ಮ ಮನೆಯ ಅಳತೆಯನ್ನೂ ದರವನ್ನೂ ಪಟ್ಟಿಯಲ್ಲಿ ತಾವೇ ನೋಡಿ, ತಪ್ಪಿದ್ದಲ್ಲಿ ಅವಧಿ ಮೀರುವ ಮೊದಲು ಆಕ್ಷೇಪವನ್ನು ಬರೆದು ಕೊಡಬೇಕು.