2100ರ ತಲೆಯೆಣಿಕೆ ಈಗಲೇ ಹೇಗೆ?

ಲೋಕದ ಜನಸಂಖ್ಯೆ 2080ರ ದಶಕದ ನಡುಭಾಗದಲ್ಲಿ ಸುಮಾರು 1,030 ಕೋಟಿಗೆ ಏರಿ, ಆಮೇಲೆ ಮೆಲ್ಲನೆ ಇಳಿಯಬಹುದು ಎನ್ನುತ್ತದೆ ವಿಶ್ವಸಂಸ್ಥೆಯ 2024ರ ಅಂದಾಜು. ಅದರ ಬೆನ್ನಿಗೇ ಇರುವ ಮಾತು ನನಗೆ ಇನ್ನೂ ಮುಖ್ಯ: ಈ ಶತಮಾನದೊಳಗೆ ಆ ಶಿಖರ ಮುಟ್ಟುವ ಸಂಭವ ಶೇ. 80. ಹಿಂದೆ ಹೆಚ್ಚು, ಮಧ್ಯಮ, ಕಡಿಮೆ ಎಂದು ಮೂರು ಗೆರೆ ಎಳೆಯುತ್ತಿದ್ದರು. ಯಾವುದಕ್ಕೆ ಎಷ್ಟು ಸಂಭವ ಎಂದು ತಿಳಿಯುತ್ತಿರಲಿಲ್ಲ. ಈ ಕೊರತೆಯನ್ನು ತುಂಬಿದ್ದು ವಾಷಿಂಗ್ಟನ್ ವಿಶ್ವವಿದ್ಯಾಲಯದ ಏಡ್ರಿಯನ್ ರಾಫ್ಟರಿ ಮತ್ತು ಸಂಗಡಿಗರು ರೂಪಿಸಿದ ಬೇಯ್ಸ್ ವಿಧಾನ.

ಅದರ ತಿರುಳು ಅರ್ಥವಾಗಲು ಕಾಸರಗೋಡು ಜಿಲ್ಲೆಯ ಮೊಗ್ರಾಲಿನಷ್ಟು ಚಿಕ್ಕ ಊರೇ ಸಾಕು. ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳೋಣ. ಇಡೀ ಜಿಲ್ಲೆಯಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.9 ಮಕ್ಕಳು. ಊರಿನ ಒಂದು ವರ್ಷದ ಜನನ ನೋಂದಣಿಯಿಂದ ಬಂದದ್ದು 2.6. ಹೆರಿಗೆಗಳೇ ಕಡಿಮೆ ಇರುವಲ್ಲಿ ಒಂದು ವರ್ಷದ ಅಂಕಿ ಆಚೀಚೆ ಆಗುವುದು ಸಹಜ. ಆದ್ದರಿಂದ ಜಿಲ್ಲೆಯ ಅನುಭವಕ್ಕೆ ನಾಲ್ಕು ವರ್ಷದ ತೂಕ, ಊರಿನದಕ್ಕೆ ಒಂದು ವರ್ಷದ ತೂಕ ಕೊಟ್ಟರೆ ಉತ್ತರ 2.04. ಹನ್ನೆರಡು ವರ್ಷ ಸತತವಾಗಿ 2.6 ಬಂದರೆ ಅದೇ ಲೆಕ್ಕ 2.43ಕ್ಕೆ ಏರುತ್ತದೆ. ಮೊದಲಿನ ತಿಳಿವಳಿಕೆಯನ್ನು ಹೊಸ ಪುರಾವೆ ಹೀಗೆ ತಿದ್ದುತ್ತ ಹೋಗುತ್ತದೆ.

ಲೋಕದ ಮಟ್ಟದಲ್ಲಿ ಊರಿನ ಜಾಗಕ್ಕೆ ದೇಶ, ಜಿಲ್ಲೆಯ ಜಾಗಕ್ಕೆ ಇಡೀ ಜಗತ್ತು. ದಾಖಲೆ ತೆಳುವಾಗಿರುವ ದೇಶ, ಮಕ್ಕಳ ಸಂಖ್ಯೆ ಈಗಾಗಲೇ ಇಳಿದಿರುವ ದೇಶಗಳ ಅನುಭವದಿಂದ ಕಲಿಯುತ್ತದೆ. ಕಂಪ್ಯೂಟರು ಪ್ರತಿ ದೇಶಕ್ಕೂ ಸಾವಿರಾರು ಭವಿಷ್ಯಗಳನ್ನು ಹೆಣೆಯುತ್ತದೆ. ಒಂದೊಂದರಲ್ಲೂ ಹುಟ್ಟು, ಸಾವು, ವಲಸೆಯನ್ನು ವಯಸ್ಸಿನ ಗುಂಪುವಾರು ಕೂಡಿ ಕಳೆಯಲಾಗುತ್ತದೆ. ಅವುಗಳಲ್ಲಿ ನಡುವಿನ ಶೇ. 80 ಎಲ್ಲಿಂದ ಎಲ್ಲಿಯವರೆಗೆ ಹರಡಿದೆ ಎಂಬುದೇ ಪ್ರಕಟವಾಗುವ ಅಂತರ.

ಅಂತರವಿಲ್ಲದ ಅಂಕಿಯನ್ನು ನಂಬಬಾರದು ಎಂದು ನಾನು ಹೇಳುವುದಕ್ಕೆ ಕಾರಣವಿದೆ. ಈ ವಿಧಾನಕ್ಕೆ ಹೆಸರು ಕೊಟ್ಟ ಥಾಮಸ್ ಬೇಯ್ಸ್ ತೀರಿಕೊಂಡ ಮೇಲೆ, 1763ರಲ್ಲಿ, ಸಂಭವದ ಕುರಿತ ಅವನ ಪ್ರಬಂಧ ಬೆಳಕಿಗೆ ಬರುವಂತೆ ಮಾಡಿದ ರಿಚರ್ಡ್ ಪ್ರೈಸ್, ಇಂಗ್ಲೆಂಡಿನ ಜನಸಂಖ್ಯೆ ಕುಗ್ಗುತ್ತಿದೆ ಎಂದು ಬಲವಾಗಿ ವಾದಿಸಿದವನು. 1801ರ ಜನಗಣತಿ ಅದನ್ನು ಸುಳ್ಳಾಗಿಸಿತು. ಸಂಭವದ ಲೆಕ್ಕ ಬಲ್ಲವನೂ ಹೀಗೆ ತಪ್ಪಬಹುದು.

ನಮ್ಮ ಕಡೆ ಕಷ್ಟದ ಭಾಗ ವಲಸೆ. 2001ರಿಂದ 2011ರೊಳಗೆ ಕೇರಳ ಬೆಳೆದದ್ದು ಶೇ. 4.9 ಮಾತ್ರ. ಪತ್ತನಂತಿಟ್ಟ, ಇಡುಕ್ಕಿ ಕುಗ್ಗಿದವು; ಕಾಸರಗೋಡು 12.04 ಲಕ್ಷದಿಂದ 13.07 ಲಕ್ಷಕ್ಕೆ ಏರಿತು. ಒಂದೇ ರಾಜ್ಯದೊಳಗೆ ಇಷ್ಟು ವ್ಯತ್ಯಾಸ ಇರುವಾಗ ಕೇರಳದ ಸರಾಸರಿಯನ್ನು ತಂದು ಮೊಗ್ರಾಲಿಗೆ ಅಂಟಿಸಿದರೆ ಆಗದು. ಗಲ್ಫಿಗೆ ಹೋದವನು ಊರಿನ ಎಣಿಕೆಯಿಂದ ಜಾರುತ್ತಾನೆ, ವರ್ಷಗಳ ಮೇಲೆ ಬೇರೆ ವಯಸ್ಸಿನ ಸಾಲಿಗೆ ಮರಳುತ್ತಾನೆ. ಅವನು ಯಾವಾಗ ಬರುತ್ತಾನೆ ಎಂಬುದು ಅಲ್ಲಿಯ ಕೆಲಸ, ವೀಸಾಗಳ ಮೇಲೆ ನಿಂತಿದೆ. ಊರು ಚಿಕ್ಕದಾದಷ್ಟೂ ಅಂತರ ಅಗಲವಾಗುವುದು ಇದರಿಂದಲೂ ಹೌದು.

2011ರ ನಂತರದ ಮೊದಲ ಜನಗಣತಿಗೆ 1 ಮಾರ್ಚ್ 2027 ಆಧಾರ ದಿನ. ಅಂಕಿಗಳು ಹೊರಬಂದಾಗ ಒಟ್ಟು ಮೊತ್ತ ನೋಡಿ ಸುಮ್ಮನಾಗಬೇಡಿ. 20ರಿಂದ 29 ವಯಸ್ಸಿನ ಹೆಂಗಸರ ಸಾಲನ್ನು ಹುಡುಕಿ. ಮುಂದಿನ ಹತ್ತು ಹದಿನೈದು ವರ್ಷ ಅಂಗನವಾಡಿಗೆ, ಶಾಲೆಗೆ ಎಷ್ಟು ಮಕ್ಕಳು ಬಂದಾರು ಎಂಬ ಲೆಕ್ಕ ಶುರುವಾಗುವುದು ಅಲ್ಲಿಂದ.