ಬಸುರಿನಲ್ಲಿ ರಕ್ತದ ಕೊಬ್ಬು, ದೇಹದ ತುಕ್ಕು ಮತ್ತು ಬಿ.ಪಿ.



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ನಮ್ಮ ಸಂಘಗಳಲ್ಲಿ ಉಳಿತಾಯ-ಸಾಲದ ಲೆಕ್ಕ ಚೆನ್ನಾಗಿ ಇಡುತ್ತೇವೆ. ಬಸುರಿ ಹೆಣ್ಣುಮಗಳ ದೇಹದಲ್ಲೂ ಇಂಥದ್ದೇ ಒಂದು ಜಮಾ-ಖರ್ಚು ನಡೆಯುತ್ತದೆ. ಅದನ್ನು ತಿಳಿದುಕೊಂಡರೆ ಜೀವ ಉಳಿಸಬಹುದು.

ಕೊಬ್ಬು ಏಕೆ ಏರುತ್ತದೆ?

ಮೊದಲ ತಿಂಗಳುಗಳಲ್ಲಿ ತಾಯಿಯ ದೇಹ ಕೊಬ್ಬನ್ನು ಉಳಿತಾಯ ಮಾಡುತ್ತದೆ. ಕೊನೆಯ ಮೂರು ತಿಂಗಳಲ್ಲಿ ಅದನ್ನು ತೆಗೆದು ರಕ್ತಕ್ಕೆ ಬಿಡುತ್ತದೆ. ಆಗ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಎರಡು-ಮೂರು ಪಟ್ಟು ಆಗುತ್ತದೆ, ಕೊಲೆಸ್ಟ್ರಾಲ್ ಕೂಡ ಹೆಚ್ಚುತ್ತದೆ. ಇದು ರೋಗವಲ್ಲ. ಮಗುವಿನ ಬೆಳವಣಿಗೆಗೆ, ಮುಂದೆ ಎದೆಹಾಲಿಗೆ ಬೇಕಾದ ಬಂಡವಾಳ ಇದು. ಹೆರಿಗೆಯಾದ ಮೇಲೆ ನಿಧಾನವಾಗಿ ಇಳಿಯುತ್ತದೆ. ಆದ್ದರಿಂದ ಕೊಬ್ಬಿಗೆ ಹೆದರಿ ಊಟ ಬಿಡಬೇಡಿ.

ದೇಹದ ತುಕ್ಕು ಅಂದರೇನು?

ಕಬ್ಬಿಣದ ಕುಡುಗೋಲಿಗೆ ಗಾಳಿ, ನೀರು ತಾಗಿ ತುಕ್ಕು ಹಿಡಿಯುತ್ತದಲ್ಲವೇ? ನಾವು ಉಸಿರಾಡುವ ಆಮ್ಲಜನಕದಿಂದ ದೇಹದೊಳಗೂ ಹಾಗೆ ಹಾನಿ ಮಾಡುವ ಕಣಗಳು ಹುಟ್ಟುತ್ತವೆ. ಬಸುರಿನಲ್ಲಿ ಆಮ್ಲಜನಕದ ಬಳಕೆ ಹೆಚ್ಚು, ಮಾಸು ಹಗಲಿರುಳು ದುಡಿಯುತ್ತದೆ. ಅದಕ್ಕೆ ಈ ಕಣಗಳೂ ಹೆಚ್ಚು. ಆರೋಗ್ಯವಾಗಿರುವ ದೇಹ ಇವುಗಳನ್ನು ತಾನೇ ಸರಿದೂಗಿಸುತ್ತದೆ.

ತೊಂದರೆ ಎಲ್ಲಿ?

ಕೆಲವರಲ್ಲಿ ಮಾಸಿಗೆ ಹೋಗುವ ರಕ್ತನಾಳಗಳು ಸರಿಯಾಗಿ ಬೆಳೆಯುವುದಿಲ್ಲ. ಆಗ ಹಾನಿ ಮಾಡುವ ಕಣಗಳು ಮಿತಿಮೀರುತ್ತವೆ, ರಕ್ತದ ಕೊಬ್ಬೂ ಬೇರೆ ಬಸುರಿಯರಿಗಿಂತ ಹೆಚ್ಚಿರುತ್ತದೆ. ರಕ್ತನಾಳದ ಒಳಪದರ ಕೆಡುತ್ತದೆ, ಬಿ.ಪಿ. ಏರುತ್ತದೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತದೆ. ಇದು ಸಾಮಾನ್ಯವಾಗಿ ಐದು ತಿಂಗಳ ನಂತರ ಬರುತ್ತದೆ. ಬಿ.ಪಿ. 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು. ಮೊದಲ ಬಸುರು, ಅವಳಿ ಮಕ್ಕಳು, ಸಕ್ಕರೆ ಕಾಯಿಲೆ, ಹಿಂದಿನ ಹೆರಿಗೆಯಲ್ಲಿ ಬಿ.ಪಿ. ಇದ್ದವರಿಗೆ ಅಪಾಯ ಹೆಚ್ಚು.

ಈ ಲಕ್ಷಣ ಕಂಡರೆ ತಡಮಾಡದೆ 108ಕ್ಕೆ ಫೋನ್ ಮಾಡಿ:
* ಬಿಡದ ತಲೆನೋವು
* ಕಣ್ಣು ಮಂಜಾಗುವುದು
* ಎದೆಗುಂಡಿ ಕೆಳಗೆ ನೋವು
* ಮುಖ, ಕೈ ದಿಢೀರನೆ ಬಾವು ಬರುವುದು
* ಫಿಟ್ಸ್

ಫಿಟ್ಸ್ ಬಂದರೆ "ಗಾಳಿ ಸೋಕಿದೆ" ಅಂತ ಅಂತ್ರ ಕಟ್ಟಿಸುತ್ತಾ ಕೂರಬೇಡಿ. ಅದನ್ನು ತಡೆಯುವ ಇಂಜೆಕ್ಷನ್ ಇದೆ. ಹೆರಿಗೆಯಾದ ಮೇಲೂ ಆರು ವಾರದವರೆಗೆ ಈ ತೊಂದರೆ ಬರಬಹುದು. ಬಾಣಂತಿಯ ತಲೆನೋವನ್ನೂ ಅಲಕ್ಷ್ಯ ಮಾಡಬೇಡಿ.

ವಿಟಮಿನ್ ಮಾತ್ರೆ ಸಾಕೇ?

ಸಾಲದು. ತುಕ್ಕು ತಡೆಯುವ ವಿಟಮಿನ್ ಸಿ ಮತ್ತು ಇ ಮಾತ್ರೆಗಳನ್ನು ಬ್ರಿಟನ್ನಿನಲ್ಲಿ ಅಪಾಯ ಹೆಚ್ಚಿದ್ದ ಬಸುರಿಯರಿಗೆ ಕೊಟ್ಟು ನೋಡಿದರು. 2006ರಲ್ಲಿ ಬಂದ ಫಲಿತಾಂಶದ ಪ್ರಕಾರ ಈ ಬಿ.ಪಿ. ತೊಂದರೆ ತಪ್ಪಲಿಲ್ಲ, ಬದಲಿಗೆ ಕಡಿಮೆ ತೂಕದ ಮಕ್ಕಳು ಹೆಚ್ಚು ಹುಟ್ಟಿದರು. ಆದ್ದರಿಂದ ಅಂಗಡಿಯಿಂದ ಸ್ವಂತಕ್ಕೆ ಮಾತ್ರೆ ತಂದು ನುಂಗಬೇಡಿ.

ನಾವು ಏನು ಮಾಡೋಣ?

* ಪ್ರತಿ ತಪಾಸಣೆಯಲ್ಲಿ ಬಿ.ಪಿ., ಮೂತ್ರ ನೋಡಿಸಿ, ತಾಯಿ ಕಾರ್ಡಿನಲ್ಲಿ ಬರೆಸಿ. 2016ರಿಂದ ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇದೆ.
* ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎರಡನ್ನೂ ತಪ್ಪದೆ ತಗೊಳ್ಳಿ, ಆದರೆ ಒಟ್ಟಿಗೆ ಬೇಡ. ಕ್ಯಾಲ್ಸಿಯಂ ಈ ಬಿ.ಪಿ. ಅಪಾಯವನ್ನು ಕಡಿಮೆ ಮಾಡುತ್ತದೆ.
* ಜೋಳದ ರೊಟ್ಟಿ ಜೊತೆ ಪುಂಡಿಪಲ್ಯ, ನುಗ್ಗೆಸೊಪ್ಪು, ಹೆಸರುಕಾಳು, ಶೇಂಗಾ, ಮೊಟ್ಟೆ. ಸಿಕ್ಕಾಗ ನೆಲ್ಲಿಕಾಯಿ, ಪೇರಲ ತಿನ್ನಿ.
* ಕಡ್ಡಿಪುಡಿ, ತಂಬಾಕು ಬಿಡಿ. ಒಲೆಯ ಹೊಗೆಯಿಂದ ದೂರವಿರಿ. ಇವು ದೇಹದ ತುಕ್ಕನ್ನು ಹೆಚ್ಚಿಸುತ್ತವೆ.

ಬಿ.ಪಿ. ಏರಿದ್ದು ಎಷ್ಟೋ ಸಲ ಮೈಗೆ ಗೊತ್ತೇ ಆಗುವುದಿಲ್ಲ, ಅಳೆದರೆ ಮಾತ್ರ ಗೊತ್ತಾಗುತ್ತದೆ. ಆದ್ದರಿಂದ ಮುಂದಿನ ಸಂಘದ ಸಭೆಯಲ್ಲಿ ಉಳಿತಾಯ ಕಟ್ಟುವ ಮೊದಲು ಒಂದು ಪ್ರಶ್ನೆ ಕೇಳೋಣ: "ನಮ್ಮ ಓಣಿಯಲ್ಲಿ ಯಾರು ಬಸುರಿ? ಈ ತಿಂಗಳು ಅವರ ಬಿ.ಪಿ. ನೋಡಿಸಿದ್ದಾರಾ?"