ಹಾರ್ಲಿಕ್ಸ್ ಬಾಟಲಿಯ ಬೀನ್ಸ್ ಬೀಜ

ನಮ್ಮ ಅಡುಗೆಮನೆಯ ಅಟ್ಟದ ಮೇಲೆ ಒಂದು ಹಳೇ ಹಾರ್ಲಿಕ್ಸ್ ಬಾಟಲಿ ಇತ್ತು. ಅದರ ತುಂಬ ಒಲೆಬೂದಿ, ಬೂದಿಯೊಳಗೆ ಬೀನ್ಸ್ ಬೀಜ. ಅದನ್ನು ಮುಟ್ಟುವ ಅಧಿಕಾರ ಇದ್ದದ್ದು ಅಜ್ಜಿಗೆ ಮಾತ್ರ. ಕುಂಸಿಯ ನಮ್ಮ ಹಿತ್ತಲಲ್ಲಿ ಬಸಳೆ, ಬಾಳೆ, ಸೀಬೆ ಎಲ್ಲ ತಮ್ಮಷ್ಟಕ್ಕೆ ತಾವು ಬೆಳೆದುಕೊಳ್ಳುತ್ತಿದ್ದವು. ಬೀನ್ಸ್ ಮಾತ್ರ ಅಜ್ಜಿಯದೇ. ಬಳ್ಳಿಯಲ್ಲ, ಮೊಣಕಾಲೆತ್ತರದ ಗಿಡ. ಚಪ್ಪರ ಬೇಡ, ಕೋಲು ಬೇಡ.

ಅಜ್ಜಿ ತೀರಿಕೊಂಡ ವರ್ಷ ಜೂನ್‌ನಲ್ಲಿ ನನ್ನ ಡಿಗ್ರಿ ಪರೀಕ್ಷೆ ಮುಗಿದಿತ್ತು. ಮನೆಯಲ್ಲಿ ಸುಮ್ಮನೆ ಕೂರಲಾರದೆ ಬಾಟಲಿ ಇಳಿಸಿದೆ. 'ಈಗ ಬೇಡ ಕಣೋ, ಮಳೆ ಹಿಡಿಯುತ್ತೆ' ಎಂದಳು ಅಮ್ಮ. ನಾನು ಮೊಬೈಲ್ ತೋರಿಸಿದೆ. ವಿಡಿಯೊದಲ್ಲಿ ಯಾರೋ ಜೂನ್‌ನಲ್ಲೇ ಬಿತ್ತುತ್ತಿದ್ದರು. ರಾತ್ರಿಯಿಡೀ ಬೀಜ ನೆನೆಸಿ, ಎರಡಿಂಚು ಆಳಕ್ಕೆ ಹಾಕಿದೆ. ಎಲ್ಲವನ್ನೂ! ಒಂದು ಹಿಡಿ ಉಳಿಸಿಕೊಳ್ಳಬೇಕು ಅನ್ನೋದು ಹೊಳೆಯಲೇ ಇಲ್ಲ.

ಮಳೆ ಹಿಡಿಯಿತು. ಒಂಬತ್ತು ದಿನ ಬಿಡಲಿಲ್ಲ. ಹತ್ತನೇ ದಿನ ಬೆರಳಲ್ಲಿ ಮಣ್ಣು ಕೆದಕಿದರೆ ಬೀಜ ಬೆಂದ ಬೇಳೆಯ ಹಾಗೆ ಕೈಗೆ ಅಂಟಿತು. ಅಮ್ಮ ಬೈಯಲಿಲ್ಲ. ಖಾಲಿ ಬಾಟಲಿ ತೊಳೆದು, ಒರೆಸಿ, ವಾಪಸ್ ಅಟ್ಟದ ಮೇಲೆ ಇಟ್ಟಳು. ಬೈದಿದ್ದರೇ ಚೆನ್ನಾಗಿತ್ತು.

ಬೀನ್ಸ್ ಬೀಜ ಮೊಳೆಯುವಾಗ ತನ್ನ ಎರಡು ದಪ್ಪ ಹೋಳುಗಳನ್ನೇ ಹೊತ್ತುಕೊಂಡು ಮಣ್ಣು ಸೀಳಿ ಮೇಲೆ ಬರಬೇಕು. ನೀರು ನಿಂತ ನೆಲದಲ್ಲಿ ಅದಕ್ಕೆ ಗಾಳಿಯೇ ಸಿಗುವುದಿಲ್ಲ, ಕೊಳೆಯುತ್ತದೆ. ನೆನೆಸಿ ಹಾಕಿದ್ದು ಇನ್ನೂ ಕೆಟ್ಟದಾಯಿತು. ವಿಡಿಯೊದವರ ಊರಿನ ಮಳೆ ಬೇರೆ, ನಮ್ಮ ಸಾಗರ ರಸ್ತೆಯ ಮಳೆ ಬೇರೆ. ಅಜ್ಜಿ ಯಾವಾಗಲೂ ಹಸ್ತೆ ಮಳೆ ಹೊತ್ತಿಗೆ ಬಿತ್ತುತ್ತಿದ್ದದ್ದು ನನಗೆ ಆಮೇಲೆ ನೆನಪಾಯಿತು.

'ಅಂಗಡಿಯಲ್ಲಿ ಪ್ಯಾಕೆಟ್ ತಗೊಳ್ಳೋ, ಇದಕ್ಕೆಲ್ಲ ಅಳ್ತಾರಾ?' ಎಂದ ಗೆಳೆಯ. ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕೋಮಲ್, ಅರ್ಕಾ ಸುವಿಧಾ ಎರಡೂ ಒಳ್ಳೆಯ ಗಿಡ ಬೀನ್ಸ್ ತಳಿಗಳೇ. ಆದರೆ ಅವು ಬಾಟಲಿಯಲ್ಲಿದ್ದದ್ದಲ್ಲವಲ್ಲ.

ಆಗ ನೆನಪಾದವರು ಭದ್ರಾವತಿಯ ಅತ್ತೆ. ಅಜ್ಜಿ ಮಗಳಿಗೆ ಒಂದು ಹಿಡಿ ಕೊಟ್ಟಿದ್ದರು. ನಾಚಿಕೆ ಬಿಟ್ಟು ಫೋನ್ ಮಾಡಿದೆ, ಶಿವಮೊಗ್ಗದಲ್ಲಿ ಬಸ್ ಬದಲಿಸಿ ಹೋದೆ. ಅತ್ತೆ ಪೇಪರಿನ ಮೇಲೆ ಬೀಜ ಹರವಿ ಮೂವತ್ನಾಲ್ಕು ಎಣಿಸಿದರು. 'ಪೂರ್ತಿ ಕೊಡಲ್ಲ ಮಾರಾಯ, ಉಳಿದದ್ದು ಇಲ್ಲೇ ಇರಲಿ. ಎಣಿಸಿ ಕೊಟ್ಟಿದ್ದೀನಿ, ಎಣಿಸಿ ವಾಪಸ್ ಕೊಡು.'

ಈ ಸಲ ಇಪ್ಪತ್ತು ಮಾತ್ರ ಬಿತ್ತಿದೆ. ಅಕ್ಟೋಬರ್ ಮೊದಲ ವಾರ, ಏರು ಮಡಿ, ಹಳೇ ಕೊಟ್ಟಿಗೆ ಗೊಬ್ಬರ, ಗೇಣಿಗೊಂದು ಒಣ ಬೀಜ, ಒಂದಿಂಚು ಆಳ. ಆರನೇ ದಿನ ಮಣ್ಣಿನಿಂದ ಹಸಿರು ಕೊಕ್ಕೆಗಳು ಎದ್ದವು. ಹದಿನಾರು! ಅಷ್ಟರಲ್ಲಿ ಮಂಗಗಳು ಬಂದವು. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ. ಒಂದೇ ಮಧ್ಯಾಹ್ನ ಏಳು ಗಿಡ ಕಿತ್ತೆಸೆದವು. ಉಳಿದ ಒಂಬತ್ತಕ್ಕೆ ಹಳೇ ಸೀರೆಗಳ ಕೋಟೆ ಕಟ್ಟಿ, ಪುಸ್ತಕ ಹಿಡಿದು ಅಲ್ಲೇ ಕಾವಲು ಕೂತೆ. ಪುಸ್ತಕ ಓದಿದೆನೋ ಇಲ್ಲವೋ ಕೇಳಬೇಡಿ.

ಮೂರು ಗಿಡಕ್ಕೆ ಕೆಂಪು ದಾರ ಕಟ್ಟಿದೆ, ಅವು ಬೀಜಕ್ಕೆ. ಬೀನ್ಸ್ ಹೂವು ಬಹುತೇಕ ತನ್ನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುವುದರಿಂದ ತಳಿ ಸುಲಭಕ್ಕೆ ಬೆರಕೆಯಾಗುವುದಿಲ್ಲ. ಅಜ್ಜಿಯ ಬೀಜ ಇಷ್ಟು ವರ್ಷ ಅಜ್ಜಿಯದಾಗಿಯೇ ಉಳಿದದ್ದು ಹಾಗೆ. (ಅಜ್ಜಿ 'ನಾಟಿ' ಎಂದು ಹೆಮ್ಮೆಪಡುತ್ತಿದ್ದ ಬೀನ್ಸ್‌ನ ಮೂಲ ಅಮೆರಿಕ ಖಂಡ, ರಾಜ್ಮಾ ಕೂಡ ಅದೇ ಜಾತಿ. ಅಜ್ಜಿಗೆ ಹೇಳಿದ್ದರೆ ನನಗೆ ಊಟ ಸಿಗುತ್ತಿರಲಿಲ್ಲ!) ಉಳಿದ ಆರು ಗಿಡ ಪಲ್ಯಕ್ಕೆ. ಕಾಯಿ ಎಳೆಯದಿದ್ದಾಗ, ಮುರಿದರೆ ಟಕ್ ಅನ್ನುವಾಗಲೇ ಎರಡು ಮೂರು ದಿನಕ್ಕೊಮ್ಮೆ ಕೊಯ್ಯಬೇಕು. ಬಲಿಯಲು ಬಿಟ್ಟರೆ ಗಿಡ ಹೂ ಬಿಡುವುದನ್ನೇ ಕಡಿಮೆ ಮಾಡುತ್ತದೆ.

ನಲವತ್ತೆಂಟನೇ ದಿನ ಮೊದಲ ಕೊಯ್ಲು. ಸಾಸಿವೆ, ಉದ್ದಿನಬೇಳೆ, ಒಣಮೆಣಸು, ಕರಿಬೇವಿನ ಒಗ್ಗರಣೆ, ಮೇಲೆ ಕಾಯಿತುರಿ. ತಲಾ ಎರಡು ಚಮಚ ಬಂತು. ಅಪ್ಪ ಬಾಣಲೆ ಕಡೆ ಇನ್ನೊಮ್ಮೆ ನೋಡಿ, 'ಇಷ್ಟೇನಾ?' ಎಂದರು. ಅಮ್ಮ ತನ್ನ ಪಾಲನ್ನು ಕೊನೆಗೆ, ಬೇರೆಯಾಗಿ ತಿಂದಳು.

ಕೊಯ್ಲು ಮುಗಿದ ಗಿಡಗಳನ್ನು ಕೀಳದೆ ಬುಡಕ್ಕೆ ಕತ್ತರಿಸಿದೆ. ಬೇರಿನಲ್ಲಿ ಸಾಸಿವೆಯಂಥ ಗಂಟುಗಳಿದ್ದವು. ಅವುಗಳೊಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತವೆ. ಆ ಬೇರು ಅಲ್ಲೇ ಕೊಳೆತರೆ ಮಣ್ಣಿಗೆ ಲಾಭ.

ಸಂಕ್ರಾಂತಿ ಹೊತ್ತಿಗೆ ದಾರ ಕಟ್ಟಿದ ಗಿಡಗಳ ಕಾಯಿ ಒಣಗಿ ಗಿಲಿಗಿಲಿ ಅನ್ನತೊಡಗಿದವು. ಬಿಡಿಸಿ ಎಣಿಸಿದೆ. ತೊಂಬತ್ತಾರು. ನಲವತ್ತನ್ನು ಕಟ್ಟಿಕೊಂಡು ಭದ್ರಾವತಿಗೆ ಹೋದೆ. ಅತ್ತೆ ಕನ್ನಡಕ ಹಾಕಿಕೊಂಡು ಎಣಿಸಿ, 'ಆರು ಜಾಸ್ತಿ ಇದೆಯಲ್ಲೋ' ಎಂದರು.

ಮಿಕ್ಕದ್ದನ್ನೆಲ್ಲ ಅಮ್ಮ ಬೂದಿ ಬೆರೆಸಿ ಬಾಟಲಿಗೆ ತುಂಬಿದಳು. ಅಟ್ಟದ ಮೇಲೆ ಈಗ ಅದು ಇಲ್ಲ. ಎಲ್ಲಿಟ್ಟಿದ್ದಾಳೆ ಅಂತ ನನಗೆ ಹೇಳಿಲ್ಲ.